ಮುಂದೂಡಿದ ಪರೀಕ್ಷೆ, ತುಂಬಿದ ಖುರ್ಚಿ

2024ರಲ್ಲಿ ಕೆಪಿಎಸ್‌ಸಿಯ 384 ಗೆಜೆಟೆಡ್ ಪ್ರೊಬೇಷನರ್ ಹುದ್ದೆಗಳ ಪೂರ್ವಭಾವಿ ಪರೀಕ್ಷೆ ಮುಂದಕ್ಕೆ ಹೋಗುತ್ತಲೇ ಇತ್ತು. ಮೇ ತಿಂಗಳಲ್ಲಿ ಆಗಬೇಕಾಗಿದ್ದುದು ಕೊನೆಗೆ ಆಗಸ್ಟ್ 27ಕ್ಕೆ ಆಯಿತು. ಆಮೇಲೆ ಕನ್ನಡ ಪ್ರಶ್ನೆಪತ್ರಿಕೆಯ ತಪ್ಪುಗಳ ಬಗ್ಗೆ ಗಲಾಟೆಯೆದ್ದು, ಅದೇ ಪರೀಕ್ಷೆಯನ್ನು ಡಿಸೆಂಬರ್ 29ಕ್ಕೆ ಮತ್ತೊಮ್ಮೆ ಬರೆಯಬೇಕಾಯಿತು. ಧಾರವಾಡದ ಸಪ್ತಾಪುರ, ಶ್ರೀನಗರ, ನಮ್ಮ ಕೆಲಗೇರಿಯ ಬಾಡಿಗೆ ಕೋಣೆಗಳಲ್ಲಿದ್ದ ಹುಡುಗ ಹುಡುಗಿಯರು ಆ ವರ್ಷವನ್ನು ಹೇಗೆ ಕಳೆದರೆಂಬುದನ್ನು ನಾನು ಹತ್ತಿರದಿಂದ ಕಂಡವನು. ಊರಿಗೆ ಫೋನ್ ಮಾಡಿ ಇನ್ನೂ ನಾಲ್ಕು ತಿಂಗಳ ಖರ್ಚಿಗೆ ರೊಕ್ಕ ಕೇಳುವಾಗ ಅವರ ದನಿ ಸಣ್ಣದಾಗುವುದನ್ನು ಕೇಳಿಸಿಕೊಂಡವನು. ಆದರೆ ಮರುಪರೀಕ್ಷೆಯ ಸುದ್ದಿ ಬಂದಾಗ ನನಗೆ ಮೊದಲು ಹೊಳೆದದ್ದು ಅದಲ್ಲ. ವರ್ಷದ ಕೊನೆಯವರೆಗೆ ನಮ್ಮ ಸಂಘದ ಬಾಡಿಗೆ ಓದುಕೋಣೆಯ ಖುರ್ಚಿಗಳು ಖಾಲಿಯಾಗುವುದಿಲ್ಲ ಎಂಬುದು ಹೊಳೆಯಿತು. ಹೊಳೆದು, ಸಮಾಧಾನವೂ ಆಯಿತು.

ಆ ಸಮಾಧಾನವನ್ನು ನಾನು ಯಾರ ಹತ್ತಿರವೂ ಹೇಳಲಿಲ್ಲ. ಸಂಘದ ಖಜಾಂಚಿಗೂ ಅದೇ ಅನ್ನಿಸಿರಬಹುದು, ಅವರೂ ಹೇಳಲಿಲ್ಲ. ಮರುಕ್ಷಣವೇ ನಾಚಿಕೆಯಾಯಿತು ಎಂದು ಬರೆದರೆ ಓದುವುದಕ್ಕೆ ಚೆನ್ನಾಗಿರುತ್ತದೆ, ಆದರೆ ಹಾಗೇನೂ ಆಗಲಿಲ್ಲ. ನಾಚಿಕೆ ಬರಲು ಕೆಲವು ವಾರ ಹಿಡಿಯಿತು. ಬಂದಮೇಲೂ ಅದು ನಿಜವಾದ ನಾಚಿಕೆಯೋ, ಒಳ್ಳೆಯವನೆಂದು ನನಗೆ ನಾನೇ ಅನ್ನಿಸಿಕೊಳ್ಳುವ ಆಸೆಯೋ ಎಂಬುದು ಇನ್ನೂ ಬಗೆಹರಿದಿಲ್ಲ.

ನಾನು ಕೆಲಗೇರಿಯ ಒಂದು ಯುವಕ ಸಂಘದ ಕಾರ್ಯದರ್ಶಿ. ಯುವಕನೆನ್ನುವ ವಯಸ್ಸು ದಾಟಿ ಬಹಳ ಕಾಲವಾಗಿದೆ, ಅದೂ ಈ ಲೆಕ್ಕದಲ್ಲಿ ಸೇರಬೇಕಾದ ಸಂಗತಿಯೇ. ತಿಂಗಳ ಸಂಬಳ ಬರುವ ನೌಕರಿ ಬೇರೆ ಇದೆ. ಸಂಘ 1960ರ ಸಂಘಗಳ ನೋಂದಣಿ ಕಾಯ್ದೆಯಡಿ ದಾಖಲಾಗಿದೆ. ಹಳೆಯ ಊರಿನೊಳಗೆ ಒಬ್ಬ ಹಿರಿಯರು ಬಿಟ್ಟುಕೊಟ್ಟ ದೊಡ್ಡ ಕೋಣೆ, ಅದರ ಮುಂದೊಂದು ಪಡಸಾಲೆ, ಇಷ್ಟೇ ನಮ್ಮ ಆಸ್ತಿ. ಸಂಜೆ ಮಕ್ಕಳಿಗೆ ಓದು, ಮಗ್ಗಿ, ಕತೆ. ರಜೆಯಲ್ಲಿ ಕೆರೆದಂಡೆಯ ಸ್ವಚ್ಛತೆ. ಒಂದು ಕಾಲಕ್ಕೆ ಧಾರವಾಡಕ್ಕೆ ಕುಡಿಯುವ ನೀರು ಕೊಟ್ಟ ಕೆರೆ ಅದು, ವಿಶ್ವೇಶ್ವರಯ್ಯನವರ ಯೋಜನೆಯದೆಂದು ಊರಲ್ಲಿ ಅಭಿಮಾನದಿಂದ ಹೇಳುತ್ತಾರೆ. ನಾವು ಅಂತರಗಂಗೆ ಬಳ್ಳಿ ಎಳೆದು ದಂಡೆಗೆ ಹಾಕುತ್ತಿದ್ದೆವು, ಅದು ಮತ್ತೆ ಹಬ್ಬುತ್ತಿತ್ತು. ಆ ಕೆಲಸಕ್ಕೆ ಹುಡುಗರು ನಗುನಗುತ್ತ ಬರುತ್ತಿದ್ದರು. ಅದನ್ನು ನೆನೆಸಿಕೊಂಡರೆ ಈಗಲೂ ಸಂತೋಷವಾಗುತ್ತದೆ.

ಸಂಘಕ್ಕೆ ಹಣ ಬರುತ್ತಿದ್ದದ್ದು ಮೂರು ದಾರಿಯಿಂದ. ಊರವರ ವಂತಿಗೆ ಒಂದು. ನೆಹರು ಯುವ ಕೇಂದ್ರದಿಂದ ಆಗಾಗ ಒಂದು ಕಾರ್ಯಕ್ರಮ, ಒಂದಿಷ್ಟು ಆಟದ ಸಾಮಾನು. 1972ರಲ್ಲಿ ಶುರುವಾದ ಆ ಕೇಂದ್ರದ ಕೆಲಸಗಳು ಈಗ, 2023ರ ಅಕ್ಟೋಬರ್ 31ಕ್ಕೆ ಆರಂಭವಾದ ಮೇರಾ ಯುವ ಭಾರತ್‌ನ ಹೆಸರಿನಲ್ಲಿ ನಡೆಯುತ್ತಿವೆ. ಮೂರನೆಯದು, ನಿಜವಾಗಿ ನಮ್ಮನ್ನು ನಡೆಸುತ್ತಿದ್ದದ್ದು, ಬೇರೆ ಊರಿನ ಒಂದು ದೊಡ್ಡ ಸಂಸ್ಥೆ ತನಗೆ ಬಂದ ವಿದೇಶಿ ದೇಣಿಗೆಯಲ್ಲಿ ನಮ್ಮಂಥ ಸಣ್ಣವರಿಗೆ ಹಂಚುತ್ತಿದ್ದ ಪಾಲು. 2020ರ ಸೆಪ್ಟೆಂಬರ್‌ನಲ್ಲಿ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಗೆ ತಿದ್ದುಪಡಿಯಾಯಿತು. ಬಂದ ದೇಣಿಗೆಯನ್ನು ಇನ್ನೊಂದು ಸಂಸ್ಥೆಗೆ ವರ್ಗಾಯಿಸುವುದೇ ನಿಷಿದ್ಧವಾಯಿತು. ಆಡಳಿತ ವೆಚ್ಚದ ಮಿತಿ ಶೇ. 50ರಿಂದ ಶೇ. 20ಕ್ಕೆ ಇಳಿಯಿತು. ಅಲ್ಲಿಗೆ ಆ ದಾರಿ ಮುಚ್ಚಿತು. ಕಂಪನಿಗಳ ಸಿಎಸ್ಆರ್ ಹಣವನ್ನು ಕೇಳಿ ನೋಡಿದೆವು. 2014ರಿಂದ ದೊಡ್ಡ ಕಂಪನಿಗಳು ತಮ್ಮ ಲಾಭದ ಸರಾಸರಿಯಲ್ಲಿ ಶೇ. 2ರಷ್ಟನ್ನು ಇಂಥ ಕೆಲಸಕ್ಕೆ ಕೊಡಬೇಕೆಂದು ಕಾನೂನೇ ಇದೆ. ಆದರೆ ಹೋದಲ್ಲೆಲ್ಲ ಕೇಳಿದ್ದು ಒಂದೇ: ಎಷ್ಟು ಸಾವಿರ ಮಕ್ಕಳು, ಎಷ್ಟು ಜಿಲ್ಲೆ? ನಮ್ಮದು ಒಂದು ಕೋಣೆ.

ಇದನ್ನೆಲ್ಲ ಸಭೆಗಳಲ್ಲಿ ಹೇಳುವಾಗ ನನ್ನ ದನಿಯಲ್ಲಿ ಒಂದು ನೋವಿರುತ್ತಿತ್ತು. ಸುಳ್ಳು ನೋವಲ್ಲ. ಆದರೂ ಅದರೊಳಗೆ ಇನ್ನೇನೋ ಬೆರೆತಿತ್ತು ಎಂದು ಈಗ ಅನ್ನಿಸುತ್ತದೆ. ಅನುದಾನ ಬರುತ್ತಿದ್ದ ಕಾಲದಲ್ಲಿ ನಮ್ಮ ಕೆಲಸ ಸರಿಯಿಲ್ಲ ಎಂದು ಹೇಳುವ ಅಧಿಕಾರ ಆ ಕೆಲಸದ ಉಪಯೋಗ ಪಡೆಯುವವರಿಗೆ ಇರಲಿಲ್ಲ. ಕೊಡುವವರು ದೂರದಲ್ಲಿದ್ದರು. ಅವರಿಗೆ ಫೋಟೋ, ವರದಿ, ಖರ್ಚಿನ ಪಟ್ಟಿ ಸಾಕು. ಮಕ್ಕಳನ್ನು ಸಾಲಾಗಿ ಕೂರಿಸಿ ಹಿಂದೆ ಬ್ಯಾನರ್ ಕಟ್ಟಿ ಫೋಟೋ ತೆಗೆದದ್ದಕ್ಕೆ ಮಕ್ಕಳಾಗಲಿ ತಾಯಂದಿರಾಗಲಿ ಎಂದೂ ತಕರಾರು ಮಾಡಲಿಲ್ಲ. ಪುಕ್ಕಟೆ ಬಂದದ್ದಕ್ಕೆ ಯಾರು ತಕರಾರು ಮಾಡುತ್ತಾರೆ? ಆಮೇಲೆ ಬಾಡಿಗೆಯ ಓದುಕೋಣೆ ಶುರುವಾದ ಹೊಸತರಲ್ಲಿ ಇಂಡಿ ಕಡೆಯ ಒಬ್ಬ ಹುಡುಗ ಬಂದು, "ಸರ, ಆ ಫ್ಯಾನ್ ಬಡ್ಕೊಳ್ಳಾಕತ್ತೈತಿ, ಓದಾಕ ಆಗವಲ್ದು, ಅರ್ಧ ರೊಕ್ಕ ತಿರುಗಿ ಕೊಡ್ರಿ" ಅಂದ. ನನಗೆ ಸಿಟ್ಟೇ ಬಂತು. ಅಷ್ಟು ವರ್ಷ ಸಮಾಜದ ಕೆಲಸ ಮಾಡಿದವನಿಗೆ ಈ ಮಾತೇ ಎಂಬಂಥ ಸಿಟ್ಟು. ಅವನು ಕೇಳಿದ್ದರಲ್ಲಿ ಏನೂ ತಪ್ಪಿರಲಿಲ್ಲ. ಫ್ಯಾನು ಬಡಿದುಕೊಳ್ಳುತ್ತಲೇ ಇತ್ತು.

ಹಾಗಾಗಿ ಅನುದಾನವನ್ನು ನಾನು ಅಷ್ಟು ಪ್ರೀತಿಸಿದ್ದಕ್ಕೆ ಒಂದು ಕಾರಣ ಸೇವಾಭಾವನೆ, ಇನ್ನೊಂದು ಕಾರಣ ಯಾರೂ ನನ್ನ ಮುಖದ ಮೇಲೆ ಬೇಡವೆನ್ನಲಾರರು ಎಂಬುದು. ಯಾವುದು ಎಷ್ಟು ಪಾಲು ಎಂದು ಹೇಳಲಾರೆ.

ಓದುಕೋಣೆಯ ವಿಚಾರ ಬಂದದ್ದು ಹುಡುಗರಿಂದಲೇ. ಧಾರವಾಡವನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ವಿಜಯಪುರ, ಕಲಬುರಗಿ, ರಾಯಚೂರು, ಗದಗ, ಹಾವೇರಿ ಕಡೆಯಿಂದ ಪಿಎಸ್ಐ, ಪಿಡಿಒ, ಕೆಎಎಸ್ ಎಂದು ಓದಲು ಬಂದವರು ಇಲ್ಲಿ ತುಂಬಿಕೊಂಡಿದ್ದಾರೆ. ಕೋಚಿಂಗ್ ಕೇಂದ್ರ, ಖಾನಾವಳಿ, ಝೆರಾಕ್ಸ್ ಅಂಗಡಿ, ಖುರ್ಚಿ ಲೆಕ್ಕದಲ್ಲಿ ಬಾಡಿಗೆ ಕೊಡುವ ಓದುಕೋಣೆ, ಹೀಗೆ ಒಂದು ಪೇಟೆಯೇ ಅವರ ಸುತ್ತ ಎದ್ದಿದೆ. ಸಪ್ತಾಪುರದಲ್ಲಿ ಬಾಡಿಗೆ ಏರಿದಂತೆ ಅವರು ಈ ಕಡೆಗೂ ಬಂದರು. ನಮ್ಮ ಕೋಣೆ ಬೆಳಗಿನಿಂದ ಸಂಜೆಯವರೆಗೆ ಖಾಲಿ ಬಿದ್ದಿರುತ್ತದೆ, ಅಲ್ಲಿ ಪ್ಲೈವುಡ್ ಅಡ್ಡಗೋಡೆ ಹಾಕಿ, ತಲೆಗೊಂದು ದೀಪ, ಒಂದು ಪ್ಲಗ್ ಕೊಟ್ಟು ತಿಂಗಳಿಗೆ 600 ರೂಪಾಯಿ ತೆಗೆದುಕೊಂಡರೆ ಸಂಜೆಯ ಮಕ್ಕಳ ತರಗತಿಯನ್ನು ಯಾರ ಹಂಗೂ ಇಲ್ಲದೆ ನಡೆಸಬಹುದು. ಕೇಳಲು ಎಷ್ಟು ಸರಳ. ಆಗ ನನಗೆ ಅದು ಬಹಳ ಚೆಂದ ಕಂಡಿತು. ಓದುವವರಿಗೂ ಕಡಿಮೆ ದರ, ಮಕ್ಕಳಿಗೂ ತರಗತಿ, ಸಂಘಕ್ಕೂ ಸ್ವಾಭಿಮಾನ. 2007ರಲ್ಲಿ ದೇಶಪಾಂಡೆ ಫೌಂಡೇಶನ್ ಹುಬ್ಬಳ್ಳಿಯನ್ನು ತನ್ನ ಸ್ಯಾಂಡ್‌ಬಾಕ್ಸ್, ಅಂದರೆ ಪ್ರಯೋಗಭೂಮಿ, ಮಾಡಿಕೊಂಡಾಗಿನಿಂದ ನಮ್ಮ ಕಡೆಯ ಕಾಲೇಜು ಹುಡುಗರ ಬಾಯಲ್ಲಿ ಸಾಮಾಜಿಕ ಉದ್ಯಮ ಎಂಬ ಮಾತು ರೂಢಿಯಾಗಿತ್ತು. ನಾನು ಅದನ್ನು ತಡವಾಗಿ ಕಲಿತು, ಕಲಿತಮೇಲೆ ಎಲ್ಲರಿಗಿಂತ ಜೋರಾಗಿ ಆಡತೊಡಗಿದೆ.

ಕೋಣೆ ಆರು ತಿಂಗಳೊಳಗೆ ತುಂಬಿತು. ತುಂಬಿದ್ದೇ ತೊಂದರೆಯ ಆರಂಭ.

ಓದುವವರು ಸಂಜೆ ಆರಕ್ಕೆ ಏಳುವುದಿಲ್ಲ. ಸಂಜೆಯಿಂದ ರಾತ್ರಿ ಹತ್ತರವರೆಗಿನ ಹೊತ್ತೇ ಅವರಿಗೆ ಮುಖ್ಯ. ಮಕ್ಕಳು ಬರುವುದೂ ಆಗಲೇ. ಮಕ್ಕಳು ಮಗ್ಗಿಯನ್ನು ಮನಸ್ಸಿನಲ್ಲಿ ಹೇಳುವುದಿಲ್ಲ, ಜಗಳವನ್ನೂ ಮನಸ್ಸಿನಲ್ಲಿ ಆಡುವುದಿಲ್ಲ. "ಗದ್ದಲ ಭಾಳ ಆಗತೈತ್ರಿ" ಎಂದು ಒಬ್ಬರಾದಮೇಲೆ ಒಬ್ಬರು ಬಂದು ಹೇಳಿದರು. ಸದ್ಯಕ್ಕೆ ಮಕ್ಕಳು ಪಡಸಾಲೆಯಲ್ಲಿ ಕೂರಲಿ ಎಂದು ನಾನೇ ತೀರ್ಮಾನ ಮಾಡಿದೆ. ಸದ್ಯಕ್ಕೆ ಎಂದೆ. ಧಾರವಾಡದ ಮಳೆಗಾಲ ಗೊತ್ತಿರುವವರಿಗೆ ಪಡಸಾಲೆಯ ಸ್ಥಿತಿ ಗೊತ್ತಾಗುತ್ತದೆ. ಗಾಳಿ ಪಶ್ಚಿಮದಿಂದ ಬೀಸಿದರೆ ಇರಚಲು ಗೋಡೆಯ ಬುಡದವರೆಗೂ ಬರುತ್ತದೆ. ಮಕ್ಕಳು ಪಾಟಿಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಒಬ್ಬರ ಹಿಂದೆ ಒಬ್ಬರು ಗೋಡೆಗೆ ಒತ್ತಿಕೊಂಡು ಕೂರುತ್ತಿದ್ದರು. ಒಳಗೆ ಕೋಣೆಯಲ್ಲಿ ಒಣಗಿದ ನೆಲ, ಟ್ಯೂಬ್‌ಲೈಟಿನ ಬೆಳಕು, ದೊಡ್ಡವರ ಮೌನ. ನಡುವೆ ಒಂದು ಬಾಗಿಲು, ಅದು ಗದ್ದಲಕ್ಕೆಂದು ಮುಚ್ಚಿರುತ್ತಿತ್ತು. ಗೌಂಡಿ ಕೆಲಸದವರ ಮಕ್ಕಳು ಮೊದಲು ಬಿಟ್ಟರು, ಆಮೇಲೆ ಹಳೆ ಊರಿನವರು. ಆ ವರ್ಷದ ವಾರ್ಷಿಕ ವರದಿಯಲ್ಲಿ ಮಕ್ಕಳ ಸಂಜೆ ತರಗತಿ ಮುಂದುವರಿದಿದೆ ಎಂದು ನಾನೇ ಬರೆದೆ. ಮುಂದುವರಿದಿತ್ತು, ಅದು ಸುಳ್ಳಲ್ಲ. ಎಲ್ಲಿ, ಎಷ್ಟು ಮಂದಿ ಎಂದು ಬರೆಯಲಿಲ್ಲ, ಅಷ್ಟೇ. ಇಲ್ಲ, "ಅಷ್ಟೇ" ಎಂದು ಬರೆದುಬಿಡುವುದೂ ಸರಿಯಲ್ಲ. ಬರೆಯದೆ ಬಿಟ್ಟದ್ದೇ ಮುಖ್ಯ ವಿಷಯವಾಗಿತ್ತು. ಉದ್ಯಮ ಮಾಡಿದ್ದೇ ಯಾರಿಗಾಗಿಯೋ ಅವರು ಪಡಸಾಲೆಗೆ ಬಂದಿದ್ದರು, ಅಲ್ಲಿಂದ ರಸ್ತೆಗೆ.

ಲೆಕ್ಕ ಪರಿಶೋಧಕರ ಬಳಿ ಹೋದಾಗ ಅವರು ಪುಸ್ತಕ ತಿರುವಿ ಹಾಕಿ, ಇದು ಶಿಕ್ಷಣವೋ ಬಾಡಿಗೆ ವ್ಯವಹಾರವೋ ಎಂದು ಕೇಳಿದರು. ಅವರು ಕೇಳಿದ್ದು ತೆರಿಗೆಯ ದೃಷ್ಟಿಯಿಂದ. ಆಗ ಜಾರಿಯಲ್ಲಿದ್ದ 1961ರ ಆದಾಯ ತೆರಿಗೆ ಕಾಯ್ದೆಯಲ್ಲಿ ಬಡವರಿಗೆ ನೆರವು, ಶಿಕ್ಷಣ, ವೈದ್ಯಕೀಯ ನೆರವು ಎಂದರೆ ಒಂದು ದಾರಿಯಿತ್ತು. ಸಾರ್ವಜನಿಕ ಉಪಯೋಗದ ಇತರ ಕೆಲಸವೆಂದರೆ, ವ್ಯಾಪಾರದ ರೀತಿಯ ಆದಾಯ ಒಟ್ಟು ಸ್ವೀಕೃತಿಯ ಶೇ. 20 ದಾಟಬಾರದಿತ್ತು. ಮೂಲ ಉದ್ದೇಶಕ್ಕೆ ಪೂರಕವಾದ ವ್ಯವಹಾರವಾದರೂ ಅದಕ್ಕೆ ಬೇರೆಯೇ ಲೆಕ್ಕದ ಪುಸ್ತಕ ಇಡಬೇಕಿತ್ತು. ಅವರು ಇನ್ನೊಂದು ಸಂಗತಿ ಹೇಳಿದರು. ಈ ಪ್ರಶ್ನೆಯನ್ನು ಸುಪ್ರೀಂ ಕೋರ್ಟು ಮೊದಲು ಗಟ್ಟಿಯಾಗಿ ಬಗೆಹರಿಸಿದ್ದು ನಮ್ಮ ಹುಬ್ಬಳ್ಳಿಯ ಲೋಕ ಶಿಕ್ಷಣ ಟ್ರಸ್ಟಿನ ಮೊಕದ್ದಮೆಯಲ್ಲಿ, 1975ರಲ್ಲಿ. ಸಂಯುಕ್ತ ಕರ್ನಾಟಕ ಪತ್ರಿಕೆಯನ್ನು ನಡೆಸುತ್ತಿದ್ದ, ರಂಗನಾಥ ದಿವಾಕರರು ಟ್ರಸ್ಟಿಯಾಗಿದ್ದ ಸಂಸ್ಥೆ ಅದು. ಪತ್ರಿಕೆಯ ಮೂಲಕ ಜನರಿಗೆ ತಿಳಿವಳಿಕೆ ಕೊಡುವುದೂ ಶಿಕ್ಷಣವೇ ಎಂಬುದು ಅವರ ವಾದ. ಕಾಯ್ದೆಯ ಅರ್ಥದಲ್ಲಿ ಶಿಕ್ಷಣವೆಂದರೆ ಕ್ರಮಬದ್ಧವಾಗಿ ಕಲಿಸುವುದು, ಓದಿ ತಿಳಿಯುವುದೆಲ್ಲ ಶಿಕ್ಷಣವಲ್ಲ ಎಂದು ಕೋರ್ಟು ಹೇಳಿತು. ವಿನಾಯಿತಿ ಸಿಗಲಿಲ್ಲ. 2022ರ ಅಕ್ಟೋಬರ್‌ನ ತೀರ್ಪೊಂದರಲ್ಲಿಯೂ ಸುಪ್ರೀಂ ಕೋರ್ಟು ಶಿಕ್ಷಣಕ್ಕೆ ಅಂಥದೇ ಇಕ್ಕಟ್ಟಿನ ಅರ್ಥವನ್ನು ಎತ್ತಿಹಿಡಿದಿದೆ.

ಓದುವವರಿಗೆ ಖುರ್ಚಿ ಕೊಡುವುದು ಕಲಿಸುವುದಲ್ಲ ಎಂದು ಲೆಕ್ಕ ಪರಿಶೋಧಕರು ಸೌಮ್ಯವಾಗಿಯೇ ಹೇಳಿದರು. ಬೇರೆ ಪುಸ್ತಕ ಇಡಿ, ರಸೀತಿ ಬೇರೆ ಇರಲಿ, ವಂತಿಗೆಯ ಜೊತೆ ಬೆರೆಸಬೇಡಿ. ನಾವು ಹಾಗೇ ಮಾಡಿದೆವು. ಆ ಎರಡು ಪುಸ್ತಕಗಳೇ ನನಗೆ ಕಷ್ಟ ತಂದವು. ಅಲ್ಲಿಯವರೆಗೆ ಎಲ್ಲ ಒಂದೇ ಪುಸ್ತಕದಲ್ಲಿದ್ದಾಗ ಕೋಣೆಯ ಹಣ ಮಕ್ಕಳಿಗೆ ಹೋಗುತ್ತಿದೆ ಎಂದು ನಾನು ನಂಬಿದ್ದೆ. ಬೇರೆ ಮಾಡಿದಾಗ ಕಂಡದ್ದು ಬೇರೆ. ಕೋಣೆಯ ಹಣದಲ್ಲಿ ಹೆಚ್ಚಿನದು ಕೋಣೆಗೇ ಹೋಗುತ್ತಿತ್ತು. ಹೊಸ ಫ್ಯಾನು, ಇನ್ವರ್ಟರ್, ಸಿಸಿ ಕ್ಯಾಮೆರಾ, ಇನ್ನಷ್ಟು ಖುರ್ಚಿ. ಮಕ್ಕಳಿಗೆ ಉಳಿದದ್ದು ಪಾಟಿ ಪುಸ್ತಕದ ಖರ್ಚು. ಅನುದಾನ ಕಡಿತವಾದವರು ಉದ್ಯಮಕ್ಕೆ ಇಳಿಯುವಾಗ ಮೊದಲು ಏನು ಮಾಡಬೇಕೆಂದು ಯಾರಾದರೂ ಕೇಳಿದರೆ ಲೆಕ್ಕ ಬೇರೆ ಇಡಿ ಎಂದು ಹೇಳುತ್ತೇನೆ. ಕಾನೂನಿಗಾಗಿ ಅಲ್ಲ. ಆದರೆ ಕೇಳಿದವರಿಗೆ ಸಲಹೆ ಕೊಡುವಷ್ಟು ನೆಟ್ಟಗೆ ನಾನು ಅದನ್ನು ಓದಿದೆನೇ? ಪುಸ್ತಕದಲ್ಲಿ ಕಂಡದ್ದನ್ನು ಸಮಿತಿಯ ಮುಂದೆ ಇಡಲು ಇನ್ನೊಂದು ವರ್ಷ ಕಾದೆ.

ಆ ವರ್ಷದಲ್ಲಿ ನಾನು ಮಾಡಿದ್ದು ಪೂರ್ವಜರನ್ನು ಹುಡುಕುವ ಕೆಲಸ. ಸಭೆಗಳಲ್ಲಿ ಮಾತಾಡಲು ಅದು ಅನುಕೂಲವಾಗಿತ್ತು. ಇಲ್ಲೇ ಗರಗದಲ್ಲಿ 1954ರಲ್ಲಿ ಹುಟ್ಟಿದ ಸೇವಾ ಸಂಘ ಖಾದಿ ನೇಯಿಸಿ, ರಾಷ್ಟ್ರಧ್ವಜದ ಬಟ್ಟೆ ಮಾಡಿಸಿ ಮಾರುತ್ತ ಬಂದಿದೆ. ಹುಬ್ಬಳ್ಳಿ ಬೆಂಗೇರಿಯಲ್ಲಿ 1957ರ ನವೆಂಬರ್ 1ರಂದು ಹುಟ್ಟಿದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ 2006ರಲ್ಲಿ ಧ್ವಜಕ್ಕೆ ಐಎಸ್ಐ ಮುದ್ರೆ ಪಡೆಯಿತು. ಸೇವೆಯನ್ನೂ ಮಾರಾಟವನ್ನೂ ಒಂದೇ ಸೂರಿನಡಿ ನಡೆಸುವುದು ನಮ್ಮ ನೆಲಕ್ಕೆ ಹೊಸದಲ್ಲ ಎಂದು ನಾನು ಹೇಳುತ್ತಿದ್ದೆ. ಸ್ಕೌಟಿನ ಹುಡುಗರು ದುಡಿದು ತರುವ ಖರೀ ಕಮಾಯಿಯನ್ನೂ ಸೇರಿಸುತ್ತಿದ್ದೆ. ಡಾ. ನಾ. ಸು. ಹರ್ಡೀಕರರ ಹಿಂದೂಸ್ತಾನಿ ಸೇವಾ ದಳವನ್ನೂ ಎಳೆದು ತರುತ್ತಿದ್ದೆ. 1923ರ ಕಾಕಿನಾಡ ಕಾಂಗ್ರೆಸ್ಸಿನ ಹೊತ್ತಿಗೆ ಹುಟ್ಟಿದ ಆ ದಳದ ಕೇಂದ್ರ ಹುಬ್ಬಳ್ಳಿಯಾಗಿತ್ತು, ದೇಶದ ತರುಣ ಸ್ವಯಂಸೇವಕರಿಗೆಲ್ಲ ನಮ್ಮೂರು ದಾರಿ ತೋರಿಸಿತ್ತು. ಎಲ್ಲ ನಿಜ. ಹೇಳುವಾಗ ಎದೆ ತುಂಬಿ ಬರುತ್ತಿದ್ದದ್ದೂ ನಿಜ. ಆದರೆ ಹರ್ಡೀಕರರ ಹೆಸರನ್ನು ನಮ್ಮ 600 ರೂಪಾಯಿಯ ಖುರ್ಚಿಯ ಪಕ್ಕದಲ್ಲಿ ಇಡುವ ಹಕ್ಕು ನನಗೆ ಎಲ್ಲಿಂದ ಬಂತು? ಆ ದಳಕ್ಕೆ ಬ್ರಿಟಿಷ್ ಸರ್ಕಾರ ನಿಷೇಧ ಹೇರಿತ್ತು. ನಮಗೆ ಬಂದ ದೊಡ್ಡ ಕಷ್ಟವೆಂದರೆ ಫ್ಯಾನಿನ ಸದ್ದು.

ಬೆಂಗೇರಿಯ ಕತೆಯಲ್ಲಿ ನಾನು ಸಭೆಗಳಲ್ಲಿ ಬಿಟ್ಟುಬಿಡುತ್ತಿದ್ದ ಭಾಗವೊಂದಿದೆ. 2021ರ ಡಿಸೆಂಬರ್ 30ಕ್ಕೆ ಧ್ವಜ ಸಂಹಿತೆ ಬದಲಾಯಿತು. ಪಾಲಿಸ್ಟರ್ ಬಟ್ಟೆಯ, ಯಂತ್ರದಲ್ಲಿ ಮಾಡಿದ ಧ್ವಜಕ್ಕೂ ಒಪ್ಪಿಗೆ ಸಿಕ್ಕಿತು. ಮರುವರ್ಷ ಮನೆಮನೆಯಲ್ಲೂ ತಿರಂಗಾ ಹಾರಿದಾಗ ನೂಲುವವರ, ನೇಯುವವರ, ಹೊಲಿಯುವ ಹೆಣ್ಣುಮಕ್ಕಳ ಕೈಗೆ ಆ ಕೆಲಸ ಬರಲಿಲ್ಲ, ಬೆಂಗೇರಿಯಲ್ಲಿ ಪ್ರತಿಭಟನೆಯಾಯಿತು. ಸ್ವಂತ ಗಳಿಕೆಯಿದ್ದರೆ ಯಾರ ಹಂಗೂ ಇಲ್ಲ ಎಂಬ ನನ್ನ ಮಾತಿಗೆ ಇದು ಹೊಂದುತ್ತಿರಲಿಲ್ಲ. ಕಾಯ್ದೆಯೊಂದರ ತಿದ್ದುಪಡಿಯಿಂದ ಅನುದಾನವೂ ನಿಲ್ಲಬಹುದು, ಸಂಹಿತೆಯೊಂದರ ತಿದ್ದುಪಡಿಯಿಂದ ಮಾರುಕಟ್ಟೆಯೂ ನಿಲ್ಲಬಹುದು. ನಮ್ಮ ಕೋಣೆಯಂತೂ ಪರೀಕ್ಷೆಗಳ ವೇಳಾಪಟ್ಟಿಗೆ ಕಟ್ಟುಬಿದ್ದಿದೆ. 545 ಪಿಎಸ್ಐ ಹುದ್ದೆಗಳ ಪರೀಕ್ಷೆ 2021ರಲ್ಲಿ ನಡೆದು, ಅಕ್ರಮ ಹೊರಬಿದ್ದು, ಮರುಪರೀಕ್ಷೆ ಆದದ್ದು 2024ರ ಜನವರಿಯಲ್ಲಿ. ಪ್ರಾಮಾಣಿಕವಾಗಿ ಓದಿದವರ ಎರಡು ವರ್ಷ ಹೋಯಿತು. ಆ ಎರಡು ವರ್ಷದಲ್ಲಿ ಧಾರವಾಡದ ಎಷ್ಟೋ ಓದುಕೋಣೆಗಳು ಬೆಳೆದವು, ನಮ್ಮದೂ ಆ ಸಾಲಿನಲ್ಲಿದೆ. ವಯಸ್ಸು ಮೀರುತ್ತಿರುವ ಒಬ್ಬ ಹುಡುಗ ಇನ್ನೊಂದು ತಿಂಗಳಿನ ರಸೀತಿ ಬರೆಸಿಕೊಳ್ಳುವಾಗ ನಾನು ಅವನಿಗೆ ಧೈರ್ಯ ಹೇಳುತ್ತೇನೆ, ಬಿಡಬ್ಯಾಡಪಾ, ಇನ್ನೊಂದು ಸಲ ಬರಿ ಎಂದು. ಒಳ್ಳೆಯ ಮಾತೇ. ಆದರೆ ಆ ಮಾತು ಅವನಿಗೆ ಒಳ್ಳೆಯದೋ, ಊರಿಗೆ ಹೋಗಿ ಬೇರೆ ಕೆಲಸ ನೋಡು ಎನ್ನುವುದು ಒಳ್ಳೆಯದೋ ಎಂದು ಯೋಚಿಸುವ ಹೊತ್ತಿಗೆ ರಸೀತಿ ಪುಸ್ತಕ ನನ್ನ ಕೈಯಲ್ಲೇ ಇರುತ್ತದೆ. ಖುರ್ಚಿ ಬಾಡಿಗೆ ತೆಗೆದುಕೊಳ್ಳದ ಕಾಲದಲ್ಲಿ ನಾನು ಬೇರೆ ಉತ್ತರ ಕೊಡುತ್ತಿದ್ದೆನೇನೋ. ಕೊಡುತ್ತಿದ್ದೆ ಎಂದು ಖಚಿತವಾಗಿ ಹೇಳಲಾರೆ.

ಕೋಣೆಯನ್ನು ಬೆಳಗ್ಗೆ ಆರಕ್ಕೆ ತೆರೆಯುತ್ತಿದ್ದವಳು ಹಳೆ ಊರಿನ ಒಬ್ಬಳು ಹುಡುಗಿ. ಬಿ.ಕಾಂ. ಓದುತ್ತಿದ್ದಳು, ತಂದೆ ಬಣ್ಣ ಹಚ್ಚುವ ಕೆಲಸಕ್ಕೆ ಹೋಗುತ್ತಾರೆ. ಚಿಕ್ಕವಳಿದ್ದಾಗ ಅದೇ ಕೋಣೆಯಲ್ಲಿ ಕೂತು ಓದಿದವಳು. ಬಾಗಿಲು ತೆರೆದು, ಕಸ ಗುಡಿಸಿ, ರಿಜಿಸ್ಟರಿನಲ್ಲಿ ಸಹಿ ಹಾಕಿಸಿ, ಕಾಲೇಜಿಗೆ ಹೋಗಿ, ಸಂಜೆ ಮಕ್ಕಳಿಗೆ ಕಲಿಸಲು ಮತ್ತೆ ಬರುತ್ತಿದ್ದಳು. ಸಂಬಳವಿಲ್ಲ, ಸ್ವಯಂಸೇವಕಿ. ಒಂದು ದಿನ ಚಾವಿ ಕೊಡುವಾಗ ಕೇಳಿದಳು, "ಸರ, ಈಗ ರೊಕ್ಕ ಬರಾಕತ್ತೈತಲ್ರಿ, ನನಗೂ ಏನರ ಕೊಡ್ತೀರೇನ್ರಿ?" ನಾನು ಸೇವೆಯ ಬಗ್ಗೆ ಮಾತಾಡಿದೆ. ದುಡ್ಡು ನಡುವೆ ಬಂದರೆ ಮನಸ್ಸು ಕೆಡುತ್ತದೆ ಎಂದೆ. ಸಂಘವನ್ನು ಕಟ್ಟಿದವರು ಯಾರೂ ಒಂದು ಪೈಸೆ ಮುಟ್ಟಲಿಲ್ಲ ಎಂದೆ. ಅವಳು "ಹೌದ್ರಿ" ಅಂದಳು. ಸ್ವಲ್ಪ ದಿನಕ್ಕೆ ಟೋಲ್ ನಾಕಾ ಕಡೆಯ ಒಂದು ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದಳು.

ಆ ಉತ್ತರವನ್ನು ನಾನು ಬಹಳ ಸಲ ತಿರುವಿ ನೋಡಿದ್ದೇನೆ. ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ನಾವು ಯಾರೂ ಪೈಸೆ ಮುಟ್ಟಿರಲಿಲ್ಲ. ಆದರೆ ನಮಗೆಲ್ಲ ಬೇರೆ ಕಡೆಯಿಂದ ಸಂಬಳ ಬರುತ್ತಿತ್ತು, ಸೇವೆ ಮಾಡಲು ನನಗೆ ಖರ್ಚು ಕಡಿಮೆ. ಅವಳ ಬೆಳಗಿನ ಎರಡು ತಾಸು, ಸಂಜೆಯ ಎರಡು ತಾಸು ಆ ಮನೆಗೆ ಬಹಳ ದುಬಾರಿ. ನಾನು ಅದನ್ನು ಪುಕ್ಕಟೆ ಪಡೆದು, ಅದರ ಮೇಲೆ 600 ರೂಪಾಯಿಯ ದರ ನಿಲ್ಲಿಸಿ, ಪೇಟೆಗಿಂತ ಕಡಿಮೆ ದರದಲ್ಲಿ ಕೊಡುತ್ತೇವೆ ಎಂದು ಹೆಮ್ಮೆಪಟ್ಟೆ. ಆ ಕಡಿಮೆ ದರದ ವ್ಯತ್ಯಾಸವನ್ನು ತುಂಬುತ್ತಿದ್ದವಳು ಅವಳು. ಅನುದಾನವಿದ್ದ ಕಾಲದಲ್ಲಿ ಹೀಗಾಗಿರಲಿಲ್ಲವೇ ಎಂದರೆ, ಆಗಿತ್ತು. ಆಗ ಯಾರೂ ಕೇಳಲಿಲ್ಲ, ಯಾಕೆಂದರೆ ಕಣ್ಣಿಗೆ ಕಾಣುವ ಗಲ್ಲಾಪೆಟ್ಟಿಗೆ ಇರಲಿಲ್ಲ. ಬೇರೆ ಸಂಘಗಳ ಗೆಳೆಯರನ್ನು ಕೇಳಿದ್ದೇನೆ, ಸ್ವಯಂಸೇವಕರ ಸಂಘವೊಂದು ವ್ಯಾಪಾರಕ್ಕಿಳಿದ ದಿನದಿಂದ ಅಲ್ಲಿ ದುಡಿಯುವವರು ಏನಾಗುತ್ತಾರೆ? ಎಲ್ಲರೂ ನನ್ನ ಹಾಗೆ ಸೇವೆಯ ಬಗ್ಗೆ ಮಾತಾಡುತ್ತಾರೆ.

ಕುಂದಗೋಳ ತಾಲೂಕಿನ ತೀರ್ಥ ಗ್ರಾಮದ ಬೀಬಿ ಫಾತಿಮಾ ಮಹಿಳಾ ಸ್ವಸಹಾಯ ಸಂಘದ ಸುದ್ದಿ 2025ರಲ್ಲಿ ಎಲ್ಲ ಪತ್ರಿಕೆಗಳಲ್ಲೂ ಬಂತು, ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿ ಸಿಕ್ಕಿದ್ದಕ್ಕೆ. ಸಹಜ ಸಮೃದ್ಧ ಬಳಗದ ನೆರವಿನಿಂದ ಆ ಹೆಣ್ಣುಮಕ್ಕಳು ಸಿರಿಧಾನ್ಯದ ಬೀಜ ಕಾಪಿಟ್ಟರು, ಸಂಸ್ಕರಣಾ ಘಟಕ ನಡೆಸಿದರು. ನಮ್ಮದೇ ಜಿಲ್ಲೆ. ಓದಿ ಹೆಮ್ಮೆಯಾಯಿತು, ಜೊತೆಗೆ ಕಸಿವಿಸಿಯೂ ಆಯಿತು. ಅವರು ಸಂಘದ ಕೆಲಸಕ್ಕೆ ಬಂದವರಲ್ಲ, ಸಂಘವೇ ಅವರದು. ಸಾವೆ, ನವಣೆ ಮಾರಿ ಬಂದದ್ದನ್ನು ಏನು ಮಾಡಬೇಕೆಂದು ಕೂತು ಮಾತಾಡುವವರು ಅದನ್ನು ಬೆಳೆಯುವ, ಹಸನು ಮಾಡುವ ಕೈಗಳೇ. ನಮ್ಮಲ್ಲಿ ದರ ನಿಗದಿ ಮಾಡಿದವನು ನಾನು, ಮಕ್ಕಳನ್ನು ಪಡಸಾಲೆಗೆ ಕಳಿಸಿದವನು ನಾನು, ಆ ಹುಡುಗಿಗೆ ಇಲ್ಲವೆಂದವನು ನಾನು. ಯುವಕ ಸಂಘ ಎಂದು ಬೋರ್ಡಿದೆ, ಸಮಿತಿಯಲ್ಲಿ 30ರ ಒಳಗಿನವರು ಯಾರೂ ಇಲ್ಲ. ಬೆಂಗಳೂರಿನ ಉನ್ನತಿ ಫೌಂಡೇಶನ್ ತರುಣರ ಕೌಶಲ ತರಬೇತಿಗಾಗಿ 2023ರ ಡಿಸೆಂಬರ್‌ನಲ್ಲಿ ಸಾಮಾಜಿಕ ಷೇರು ವಿನಿಮಯ ಕೇಂದ್ರದ ಮೂಲಕ 1.8 ಕೋಟಿ ರೂಪಾಯಿ ಎತ್ತಿದಾಗ ಅದರ ಕತ್ತರಿಸಿದ ಸುದ್ದಿಯನ್ನು ನಾನು ಕಡತದಲ್ಲಿ ಇಟ್ಟುಕೊಂಡೆ, ನಮಗೂ ಒಂದು ದಿನ ಎಂಬ ಆಸೆಯಿಂದ. ತೀರ್ಥದ ಸುದ್ದಿಯನ್ನು ಇಟ್ಟುಕೊಳ್ಳಲಿಲ್ಲ. ಹಣ ತರುವ ಹೊಸ ದಾರಿ ನನಗೆ ಬೇಕಿತ್ತು, ಅಧಿಕಾರ ಹಂಚುವ ದಾರಿ ಬೇಕಿರಲಿಲ್ಲ. ಹೀಗೆ ಬರೆದು ನೋಡಿದಾಗ ಬಹಳ ಕಟುವಾಗಿ ಕಾಣುತ್ತದೆ. ಆದರೂ ಅಳಿಸಲು ಮನಸ್ಸಾಗುತ್ತಿಲ್ಲ.

ಅನುದಾನವೇ ವಾಪಸ್ ಬರಲಿ, ಉದ್ಯಮ ಬೇಡ ಎಂದು ನಾನು ಹೇಳುತ್ತಿಲ್ಲ. ಕೋಣೆಯಿಂದ ಒಳ್ಳೆಯದಾಗಿದೆ. ನಮ್ಮಲ್ಲಿ ಓದಿದ ಕೆಲವರು ಪಿಡಿಒ, ಪೊಲೀಸ್ ಆಗಿ ಹೋಗಿದ್ದಾರೆ, ಪೇಢೆ ತಂದು ಕೊಟ್ಟಿದ್ದಾರೆ. ಕಿಸೆಯಲ್ಲಿ ಅಷ್ಟೂ ಇಲ್ಲದವರಿಗೆ ಅರ್ಧ ದರ ಮಾಡಿದ್ದೇವೆ. ಫ್ಯಾನಿನ ಬಗ್ಗೆ ತಕರಾರು ಮಾಡಿದ ಆ ಹುಡುಗನಿಂದ ನಾನು ಕಲಿತಷ್ಟು ಯಾವ ದಾನಿಯ ತಪಾಸಣೆಯಿಂದಲೂ ಕಲಿತಿಲ್ಲ. ಗಳಿಸುವುದರಲ್ಲಿ ಒಂದು ನೇರವಂತಿಕೆ ಇದೆ. ನನ್ನ ಆತಂಕ ನನ್ನ ಬಗ್ಗೆಯೇ. ದಾನಿಯ ಮುಂದೆ ಬಡತನವನ್ನು ಫೋಟೋ ತೆಗೆದು ತೋರಿಸಿದವನು, ಈಗ ಪೇಟೆಯ ಮುಂದೆ ಕಾಯುವವರ ಕಾಯುವಿಕೆಯನ್ನು ಬಾಡಿಗೆಗೆ ಬಿಟ್ಟಿದ್ದೇನೆ. ಎರಡೂ ಸಲ ಸಂಘ ಉಳಿಯಬೇಕಲ್ಲ ಎಂದೇ ಮಾಡಿದೆ. ಸಂಘ ಉಳಿಯಬೇಕು ಎನ್ನುವಾಗ ನನ್ನ ಕಣ್ಣ ಮುಂದೆ ಬರುವುದು ಮಕ್ಕಳೋ, ಕಾರ್ಯದರ್ಶಿ ಎಂಬ ನನ್ನ ಹೆಸರೋ?

ಈ ಜೂನ್‌ನಿಂದ ಮಕ್ಕಳನ್ನು ಸಂಜೆ ಆರರಿಂದ ಎಂಟರವರೆಗೆ ಕೋಣೆಯೊಳಗೇ ಕೂರಿಸಬೇಕು, ಆ ಎರಡು ತಾಸು ಓದುವವರು ಬೇರೆ ಕಡೆ ಹೋಗಲಿ, ಅದಕ್ಕೆ ತಕ್ಕಂತೆ ದರ ಇಳಿಸೋಣ ಎಂದು ಬರೆದಿಟ್ಟಿದ್ದೇನೆ. ಬಾಗಿಲು ತೆರೆಯುವವರಿಗೂ ಕಲಿಸುವವರಿಗೂ ತಾಸಿನ ಲೆಕ್ಕದಲ್ಲಿ ಕೂಲಿ. ಸಮಿತಿಯಲ್ಲಿ ಓದುವವರ ಕಡೆಯಿಂದ ಇಬ್ಬರು, ಮಕ್ಕಳ ತಾಯಂದಿರಲ್ಲಿ ಇಬ್ಬರು, ದುಡಿಯುವ ಹುಡುಗ ಹುಡುಗಿಯರಲ್ಲಿ ಇಬ್ಬರು. ಖಜಾಂಚಿ ಲೆಕ್ಕ ಹಾಕಿ ನೋಡಿದ್ದಾರೆ, ಹೀಗೆ ಮಾಡಿದರೆ ಮೊದಲ ವರ್ಷ ಕೈಯಿಂದ ಹಾಕಬೇಕಾಗುತ್ತದೆ. ಹಾಕಬಹುದು, ಅದು ದೊಡ್ಡ ಮಾತಲ್ಲ. ನನಗಿರುವ ಭಯ ಬೇರೆ. ಓದುವವರು ಬಂದು ಕೂತು ಮಕ್ಕಳ ತರಗತಿಯೇ ಬೇಡವೆನ್ನಬಹುದು. ತಾಯಂದಿರು ಬಂದು ಈ ಪರೀಕ್ಷೆಯವರೇ ಬೇಡವೆನ್ನಬಹುದು. ಬಣ್ಣ ಹಚ್ಚುವವರ ಮಗಳು ಸಮಿತಿಗೆ ಬಂದರೆ ಮೊದಲ ಸಭೆಯಲ್ಲೇ ಹಳೆಯ ಬಾಕಿ ಕೇಳಬಹುದು, ಕೇಳಬೇಕು ಕೂಡ. ಅವಳನ್ನು ಕರೆಯಲು ಅಂಗಡಿಯವರೆಗೆ ಹೋಗಿದ್ದೆ, ಗಿರಾಕಿಗಳಿದ್ದರು, ಹೊರಗಿನಿಂದಲೇ ತಿರುಗಿ ಬಂದೆ. ಗಿರಾಕಿಗಳಿದ್ದದ್ದು ನಿಜ. ಕಾಯಬಹುದಾಗಿತ್ತು ಎಂಬುದೂ ನಿಜ. ಸಭೆಯ ನೋಟಿಸು ಟೈಪಾಗಿ ಮೇಜಿನ ಮೇಲಿದೆ. ಅದರಲ್ಲಿ ದಿನಾಂಕದ ಜಾಗವನ್ನು ನಾನು ಇನ್ನೂ ತುಂಬಿಲ್ಲ. ಖಜಾಂಚಿ ಎರಡು ಸಲ ಕೇಳಿದರು, ಪರೀಕ್ಷೆಯ ಗದ್ದಲ ಒಂದು ಮುಗಿಯಲಿ ಎಂದು ಹೇಳಿದ್ದೇನೆ.